ಟೆಕ್ಸಸ್ ಮನೆಯ ಕಂದಾಯ, ಮೈಸೂರಿನ ರಿಟರ್ನು

ಪ್ರಶ್ನೆ: ಅಮೆರಿಕದ ಡಲ್ಲಾಸ್ ಬಳಿಯ ಫ್ರಿಸ್ಕೊ ಊರಿನಲ್ಲಿ ಹನ್ನೆರಡು ವರ್ಷ ಇದ್ದೆವು. ಗ್ರೀನ್ ಕಾರ್ಡಿನ ಸರತಿ ಮುಗಿಯುವ ಲಕ್ಷಣ ಕಾಣದೆ 2023ರ ಜುಲೈ 10ರಂದು ಸಂಸಾರ ಸಮೇತ ಮೈಸೂರಿಗೆ ಬಂದು ನೆಲೆಸಿದೆವು. ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಮೂರು ಸಲ, ತಲಾ ಐದು ವಾರ, ರಜೆಗೆ ಬಂದಿದ್ದೆವು. ಅಲ್ಲಿನ ಮನೆ ನನ್ನೊಬ್ಬನ ಹೆಸರಿನಲ್ಲಿದೆ, ಸಾಲ ತೀರಿದೆ, ತಿಂಗಳಿಗೆ 2,900 ಡಾಲರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. 2024ರಲ್ಲಿ ಸುಮಾರು 7,200 ಡಾಲರ್ ಇದ್ದ ಆಸ್ತಿ ತೆರಿಗೆ 2025ಕ್ಕೆ ಒಮ್ಮೆಲೇ 9,800 ಆಯಿತು, ಡಿಸೆಂಬರ್‌ನಲ್ಲಿ ಕಟ್ಟಿದೆ. ಇಷ್ಟು ತೆರಿಗೆ ಅಲ್ಲಿ ಕೊಟ್ಟ ಮೇಲೆ ಇಲ್ಲೂ ಕೊಡಬೇಕೆ? ಎರಡು ದೇಶಗಳ ನಡುವೆ ಒಪ್ಪಂದ ಇರುವುದರಿಂದ ಅದನ್ನು ಇಲ್ಲಿನ ತೆರಿಗೆಗೆ ವಜಾ ಮಾಡಿಕೊಳ್ಳಬಹುದಲ್ಲವೆ? ಅಲ್ಲಿ ತೆರಿಗೆ ಕಟ್ಟಿದ್ದರೆ ಇಲ್ಲಿ ಮನೆಯ ವಿಚಾರ ತೋರಿಸಬೇಕಾಗಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಾರೆ. 2023ರ ನಂತರ ನಾನು ಅಮೆರಿಕದಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಲ್ಲ. ಇಲ್ಲಿ ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳವಿದೆ. ಮನೆಯನ್ನು ಅಲ್ಲೇ ಹುಟ್ಟಿದ, ಒಂಬತ್ತು ವರ್ಷದ ಮಗಳ ಹೆಸರಿಗೆ ಮಾಡಿಬಿಡುವುದು ಸರಿಯೆ?

ಉತ್ತರ: ನಿಮ್ಮ ಪತ್ರದಲ್ಲಿ ‘ತೆರಿಗೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ವಸ್ತುಗಳ ಹೊರೆ ಹೊತ್ತಿದೆ. ಗೊಂದಲ ಅಲ್ಲಿಂದಲೇ ಹುಟ್ಟಿದ್ದು. ಇದಕ್ಕೆ ನಮ್ಮ ಹಿರಿಯರ ಬಳಿ ಒಳ್ಳೆಯ ಪದವಿತ್ತು: ಕಂದಾಯ. ಮನೆ ಕಂದಾಯ ಕಟ್ಟಿ ಬಂದೆ ಎನ್ನುತ್ತಿದ್ದವರು ಅದನ್ನು ಆದಾಯ ತೆರಿಗೆಯ ಜೊತೆ ಎಂದೂ ಬೆರೆಸುತ್ತಿರಲಿಲ್ಲ. ಮೈಸೂರಿನ ಮನೆಗೆ ಪಾಲಿಕೆಯಲ್ಲಿ ಕಂದಾಯ ಕಟ್ಟಿದ ರಸೀದಿ ತೋರಿಸಿ ‘ನನ್ನ ಆದಾಯ ತೆರಿಗೆಯಲ್ಲಿ ಇಷ್ಟನ್ನು ವಜಾ ಮಾಡಿ’ ಎಂದು ಯಾರೂ ಕೇಳುವುದಿಲ್ಲ. ಟೆಕ್ಸಸ್‌ನ 9,800 ಡಾಲರ್ ಕೂಡ ಅದೇ ಜಾತಿಯದ್ದು. ಮನೆ ಅಲ್ಲಿ ಇದೆ ಎಂಬ ಒಂದೇ ಕಾರಣಕ್ಕೆ ಅದು ಹುಟ್ಟುತ್ತದೆ. ಬಾಡಿಗೆ ಬಂದರೂ ಬರದಿದ್ದರೂ, ನೀವು ಫ್ರಿಸ್ಕೊದಲ್ಲಿದ್ದರೂ ಸರಸ್ವತಿಪುರದಲ್ಲಿದ್ದರೂ ಅದಕ್ಕೆ ಒಂದೇ. ಬಾಡಿಗೆ ಆದಾಯದ ಮೇಲಿನ ತೆರಿಗೆ ಹಾಗಲ್ಲ. ಅದು ನಿಮ್ಮ ಬೆನ್ನು ಹತ್ತಿ ಊರಿಂದೂರಿಗೆ ಬರುತ್ತದೆ.

ಕಂದಾಯದ ಏರಿಕೆಯನ್ನೇ ಮೊದಲು ನೋಡೋಣ.

ಅಮೆರಿಕದಲ್ಲಿ ಕೇಂದ್ರ ಸರ್ಕಾರ ಮನೆ ಕಂದಾಯ ಹಾಕುವುದಿಲ್ಲ. ಕೌಂಟಿ, ನಗರ, ಶಾಲಾ ಜಿಲ್ಲೆ, ಸಮುದಾಯ ಕಾಲೇಜಿನ ಜಿಲ್ಲೆ, ಇವೆಲ್ಲ ತಮ್ಮ ತಮ್ಮ ದರ ನಿಗದಿ ಮಾಡಿ ಒಂದೇ ಬಿಲ್ಲಿನಲ್ಲಿ ಕಳಿಸುತ್ತವೆ. ಇವುಗಳಲ್ಲಿ ದೊಡ್ಡ ಪಾಲು ಶಾಲೆಯದು. ಟೆಕ್ಸಸ್ ರಾಜ್ಯದಲ್ಲಿ ರಾಜ್ಯಮಟ್ಟದ ಆದಾಯ ತೆರಿಗೆಯೇ ಇಲ್ಲ. ಅದರ ಕೊರತೆಯನ್ನು ಮನೆ ಮಾಲೀಕರ ಜೇಬಿನಿಂದ ತುಂಬಿಕೊಳ್ಳುತ್ತಾರೆ ಎಂದರೆ ತಪ್ಪಾಗದು. ಇನ್ನೊಂದು ವ್ಯತ್ಯಾಸವೂ ಇದೆ. ಬೆಂಗಳೂರಿನಲ್ಲಿ ನಾವೇ ಚದರಡಿ ಲೆಕ್ಕ ಹಾಕಿ, ಸ್ವಯಂ ಘೋಷಣೆ ಮಾಡಿ, ಏಪ್ರಿಲ್ ತಿಂಗಳಲ್ಲೇ ಕಟ್ಟಿ ಶೇ 5 ರಿಯಾಯಿತಿ ಪಡೆದು ಸಂತೋಷಪಡುತ್ತೇವೆ. ಅಲ್ಲಿ ಮೌಲ್ಯಮಾಪನ ಜಿಲ್ಲೆ ಎಂಬ ಪ್ರತ್ಯೇಕ ಕಚೇರಿ ಪ್ರತಿ ವರ್ಷ ಜನವರಿ 1ರಂದು ನಿಮ್ಮ ಮನೆಯ ಮಾರುಕಟ್ಟೆ ಬೆಲೆ ಎಷ್ಟು ಎಂದು ತಾನೇ ತೀರ್ಮಾನಿಸುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಆಕ್ಷೇಪಿಸುವ ಹೊಣೆ ನಿಮ್ಮದು.

ನೀವು ಆ ಮನೆಯಲ್ಲಿ ವಾಸವಿದ್ದಾಗ ನಿಮಗೆ ‘ಹೋಮ್‌ಸ್ಟೆಡ್’ ಎಂಬ ಸ್ವಂತ ವಾಸದ ವಿನಾಯಿತಿ ಇತ್ತು. ಅದು ಎರಡು ಕೆಲಸ ಮಾಡುತ್ತದೆ. ಶಾಲಾ ತೆರಿಗೆ ಲೆಕ್ಕ ಹಾಕುವಾಗ ಮನೆಯ ಮೌಲ್ಯದಿಂದ ದೊಡ್ಡ ಮೊತ್ತವೊಂದನ್ನು ಕಳೆಯುತ್ತದೆ. 2023ರಿಂದ ಇದು 1 ಲಕ್ಷ ಡಾಲರ್ ಇತ್ತು, 2025ರ ನವೆಂಬರ್‌ನಲ್ಲಿ ಮತದಾರರ ಒಪ್ಪಿಗೆಯೊಂದಿಗೆ ಆ ವರ್ಷಕ್ಕೇ ಅನ್ವಯವಾಗುವಂತೆ 1.4 ಲಕ್ಷಕ್ಕೆ ಏರಿತು. ಎರಡನೆಯದು ಹೆಚ್ಚು ಬೆಲೆಯದು, ಆದರೆ ಕಣ್ಣಿಗೆ ಬೀಳುವುದಿಲ್ಲ: ಮಾರುಕಟ್ಟೆ ಎಷ್ಟೇ ಜಿಗಿದರೂ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರದಂತೆ ತಡೆಯುತ್ತದೆ. ಕೋವಿಡ್ ನಂತರದ ಎರಡು ವರ್ಷ ಡಲ್ಲಾಸ್ ಸುತ್ತಮುತ್ತ ಬೆಲೆಗಳು ಹೇಗೆ ಹಾರಿದವೆಂದು ನೀವೇ ಕಂಡಿದ್ದೀರಿ. ಆ ಹಾರಾಟವೆಲ್ಲ ನಿಮ್ಮ ಬಿಲ್ಲಿನ ಹೊರಗೆ ಅಣೆಕಟ್ಟೆಯ ನೀರಿನಂತೆ ನಿಂತಿತ್ತು.

ಬಿಲ್ಲು ನೀವು ಕಳಿಸಿಲ್ಲ. ನಿಮ್ಮ ಅಂಕಿಗಳಿಗೆ ಹೊಂದುವಂತೆ ನಾನೊಂದು ಲೆಕ್ಕ ಹಾಕಿ ನೋಡಿದ್ದೇನೆ. ಶಾಲೆಯ ದರ ನೂರಕ್ಕೆ 1.05, ಉಳಿದವುಗಳದು ಒಟ್ಟು 0.70 ಎಂದುಕೊಳ್ಳಿ. 2024ರಲ್ಲಿ ತಡೆಗೊಳಪಟ್ಟ ಮೌಲ್ಯ 4.7 ಲಕ್ಷ ಡಾಲರ್. ಶಾಲೆಗೆ 1 ಲಕ್ಷ ಕಳೆದು 3.7 ಲಕ್ಷದ ಮೇಲೆ 3,885. ಉಳಿದವರಿಗೆ ಪೂರ್ತಿ 4.7 ಲಕ್ಷದ ಮೇಲೆ 3,290. ಒಟ್ಟು 7,175 ಡಾಲರ್. 2025ರಲ್ಲಿ ವಿನಾಯಿತಿಯೂ ಹೋಯಿತು, ತಡೆಯೂ ಒಡೆಯಿತು. ಮಾರುಕಟ್ಟೆ ಬೆಲೆ 5.6 ಲಕ್ಷ, ಅದರ ಮೇಲೆ ಸಲೀಸಾಗಿ 1.75: 9,800 ಡಾಲರ್. ದರ ಒಂದು ಪೈಸೆಯಷ್ಟೂ ಏರಿಲ್ಲ. ಮನೆಯ ಯಜಮಾನ ಮನೆಯಲ್ಲಿಲ್ಲ, ಅಷ್ಟೆ. (ಬಾಡಿಗೆ ಮನೆಗಳಿಗೂ ವರ್ಷಕ್ಕೆ ಶೇ 20ರ ತಡೆಯೊಂದು 2024ರಿಂದ 2026ರವರೆಗೆ ಇದೆ. ಈ ಲೆಕ್ಕದಲ್ಲಿ ಅದು ಸ್ವಲ್ಪದರಲ್ಲಿ ಕೆಲಸಕ್ಕೆ ಬರಲಿಲ್ಲ.)

ಇಲ್ಲೊಂದು ಅಹಿತಕರ ಮಾತು ಹೇಳಬೇಕು. ನೀವು 2023ರ ಜುಲೈನಲ್ಲೇ ಹೊರಟಿರಿ. 2024ರ ಜನವರಿ 1ರಂದು ನಿಮ್ಮ ಖಾಯಂ ವಾಸ ಮೈಸೂರಿನಲ್ಲಿತ್ತು. ಅಂದರೆ 2024ರ ವಿನಾಯಿತಿಯೂ ನಿಮ್ಮದಾಗಿರಲಿಲ್ಲ. ಕಚೇರಿಗೆ ತಡವಾಗಿ ಗೊತ್ತಾಯಿತು. ತಾತ್ಕಾಲಿಕವಾಗಿ ಊರು ಬಿಟ್ಟವರಿಗೆ ಎರಡು ವರ್ಷದವರೆಗೆ ವಿನಾಯಿತಿ ಉಳಿಯುವ ಅವಕಾಶ ಟೆಕ್ಸಸ್ ಕಾನೂನಿನಲ್ಲಿದೆ. ಆದರೆ ವಾಪಸಾಗುವ ಉದ್ದೇಶ ಇರಬೇಕು, ಬೇರೆಡೆ ಖಾಯಂ ಮನೆ ಮಾಡಿರಬಾರದು. ‘ಬಂದು ನೆಲೆಸಿದೆವು’ ಎಂದು ನೀವೇ ಬರೆದಿದ್ದೀರಿ, ಇಲ್ಲಿ ಕೆಲಸಕ್ಕೂ ಸೇರಿದ್ದೀರಿ. ಆ ವಾದ ಬೇಡ. ತಪ್ಪಾಗಿ ದಕ್ಕಿದ ವಿನಾಯಿತಿಯನ್ನು ಹಿಂದಿನ ಐದು ವರ್ಷಗಳವರೆಗೆ ಕೆದಕಿ ಬಾಕಿ ಕೇಳುವ ಅಧಿಕಾರ ಅವರಿಗಿದೆ. ನೀವೇ ಪತ್ರ ಬರೆದು ಹೊರಟ ದಿನಾಂಕ ತಿಳಿಸಿ, 2024ರ ವ್ಯತ್ಯಾಸ ಕಟ್ಟಿಬಿಡಿ.

ಅದೇ ಪತ್ರದಲ್ಲಿ ನಿಮ್ಮ ಅಂಚೆ ವಿಳಾಸವನ್ನೂ ಬದಲಾಯಿಸಿ. ಇದನ್ನು ಕ್ಷುಲ್ಲಕ ಎಂದುಕೊಳ್ಳಬೇಡಿ. ಬಿಲ್ಲುಗಳು ಅಕ್ಟೋಬರ್ ಹೊತ್ತಿಗೆ ಹೊರಡುತ್ತವೆ; ಜನವರಿ 31 ಕೊನೆಯ ದಿನ. ಫೆಬ್ರವರಿ 1ರಂದು ದಂಡ ಮತ್ತು ಬಡ್ಡಿ ಸೇರಿ ಶೇ 7, ಜುಲೈ ಹೊತ್ತಿಗೆ ಶೇ 18, ಅದರ ಮೇಲೆ ವಸೂಲಿ ವಕೀಲರ ಶುಲ್ಕ ಶೇ 20ರವರೆಗೆ. ಬಿಲ್ಲು ತಲುಪಲಿಲ್ಲ ಎಂಬ ಸಬೂಬನ್ನು ಅಲ್ಲಿನ ಕಾನೂನು ಒಪ್ಪುವುದಿಲ್ಲ. ನನ್ನ ಕಕ್ಷಿದಾರರೊಬ್ಬರ ಬಿಲ್ಲು ಎರಡು ವರ್ಷ ಸತತವಾಗಿ ಅವರದೇ ಮನೆಗೆ ಹೋಯಿತು. ಬಾಡಿಗೆದಾರ ಅದನ್ನು ಜಾಹೀರಾತುಗಳ ಜೊತೆ ಕಸದ ಬುಟ್ಟಿಗೆ ಹಾಕುತ್ತಿದ್ದ. ಸಾಲ ಇದ್ದಾಗ ಬ್ಯಾಂಕೇ ತಿಂಗಳ ಕಂತಿನಲ್ಲಿ ಕಂದಾಯದ ಪಾಲನ್ನೂ ಸೇರಿಸಿ ವಸೂಲಿ ಮಾಡಿ ಕಟ್ಟಿಬಿಡುತ್ತದೆ. ಸಾಲ ತೀರಿದ ಸಂಭ್ರಮದಲ್ಲಿ ಈ ಕೆಲಸ ನಮ್ಮ ತಲೆಗೆ ಬಿತ್ತೆಂಬುದು ಮರೆತುಹೋಗುತ್ತದೆ.

ಮೌಲ್ಯ ಹೆಚ್ಚಾಯಿತು ಎನಿಸಿದರೆ ಆಕ್ಷೇಪಣೆಗೆ ಮೇ 15, ಅಥವಾ ನೋಟಿಸು ತಲುಪಿಸಿದ 30 ದಿನ, ಇವೆರಡರಲ್ಲಿ ತಡವಾದದ್ದು ಗಡುವು. ಮೈಸೂರಿನಿಂದಲೇ ಆನ್‌ಲೈನ್ ಮೂಲಕ ಸಲ್ಲಿಸಿ, ಫೋನಿನಲ್ಲಿ ವಿಚಾರಣೆಗೆ ಹಾಜರಾಗಬಹುದು. ಅದೇ ಬೀದಿಯ, ಅಷ್ಟೇ ಅಳತೆಯ ಮನೆಗಳಿಗೆ ಎಷ್ಟು ಮೌಲ್ಯ ಕಟ್ಟಿದ್ದಾರೆ ಎಂಬ ಪಟ್ಟಿ ಕಚೇರಿಯ ತಾಣದಲ್ಲೇ ಸಿಗುತ್ತದೆ; ‘ನನ್ನ ಮನೆಗೆ ಇಷ್ಟು ಬೆಲೆಯಿಲ್ಲ’ ಎಂಬ ವಾದಕ್ಕಿಂತ ‘ನೆರೆಯವರಿಗಿಂತ ನನಗೇಕೆ ಹೆಚ್ಚು’ ಎಂಬ ವಾದ ಚೆನ್ನಾಗಿ ನಡೆಯುತ್ತದೆ. ಉಳಿಸಿಕೊಟ್ಟದ್ದರಲ್ಲಿ ಪಾಲು ಪಡೆದು ಈ ಕೆಲಸ ಮಾಡಿಕೊಡುವ ಏಜೆಂಟರೂ ಇದ್ದಾರೆ. ದೂರದಲ್ಲಿರುವವರಿಗೆ ಅವರು ಕೊಟ್ಟ ಕಾಸಿಗೆ ಮೋಸವಿಲ್ಲ.

ಇನ್ನು ಬಾಡಿಗೆಯ ಮೇಲಿನ ಆದಾಯ ತೆರಿಗೆ. ನಿಮ್ಮ ಪತ್ರ ಓದುವಾಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಕಂದಾಯದ ಏರಿಕೆಯಲ್ಲ, ‘2023ರ ನಂತರ ಅಮೆರಿಕದಲ್ಲಿ ರಿಟರ್ನ್ ಸಲ್ಲಿಸಿಲ್ಲ’ ಎಂಬ ಸಾಲು. ಕಂದಾಯ ಕಟ್ಟಿದರೆ ಅಲ್ಲಿನ ಋಣ ತೀರಿತೆಂದು ನೀವು ತಿಳಿದಿದ್ದೀರಿ. ತೀರಿಲ್ಲ. ಗ್ರೀನ್ ಕಾರ್ಡ್ ಇಲ್ಲದ ಕಾರಣ ನೀವೀಗ ಅಮೆರಿಕದ ದೃಷ್ಟಿಯಲ್ಲಿ ಅನಿವಾಸಿ ವಿದೇಶಿಯರು. ಅನಿವಾಸಿಯ ಬಾಡಿಗೆಗೆ ಅಲ್ಲಿ ಸಹಜವಾಗಿ ಅನ್ವಯಿಸುವ ನಿಯಮ ಒರಟಾದದ್ದು: ಯಾವ ಖರ್ಚನ್ನೂ ಕಳೆಯದೆ ಒಟ್ಟು ಬಾಡಿಗೆಯ ಶೇ 30. ನಿಮ್ಮ ವರ್ಷದ ಬಾಡಿಗೆ 34,800 ಡಾಲರ್, ತೆರಿಗೆ 10,440. ಕಾನೂನಿನ ಪ್ರಕಾರ ಬಾಡಿಗೆ ವಸೂಲಿ ಮಾಡುವ ಏಜೆಂಟರೇ ಅದನ್ನು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಎಷ್ಟೋ ಏಜೆಂಟರಿಗೆ ಮಾಲೀಕ ದೇಶ ಬಿಟ್ಟಿರುವುದೇ ಗೊತ್ತಿರುವುದಿಲ್ಲ.

ಈ ಒರಟು ನಿಯಮದಿಂದ ಪಾರಾಗಲು ಅಲ್ಲಿನ ತೆರಿಗೆ ಕಾನೂನಿನ 871(ಡಿ) ಎಂಬ ಸೆಕ್ಷನ್ನಿನ ಅಡಿ ಒಂದು ಆಯ್ಕೆ ಇದೆ. ಬಾಡಿಗೆಯನ್ನು ವ್ಯವಹಾರದ ಆದಾಯದಂತೆ ಪರಿಗಣಿಸಿ, ಖರ್ಚು ಕಳೆದ ನಿವ್ವಳದ ಮೇಲೆ ತೆರಿಗೆ ಹಾಕಿ ಎಂದು ನೀವೇ ಕೇಳಿಕೊಳ್ಳುವುದು. ಅನಿವಾಸಿಗಳಿಗೆಂದೇ ಇರುವ 1040-ಎನ್ಆರ್ ರಿಟರ್ನಿನ ಜೊತೆ ಒಂದು ಹೇಳಿಕೆ ಲಗತ್ತಿಸಬೇಕು, ಶೇ 30 ಹಿಡಿಯದಂತೆ ಏಜೆಂಟರಿಗೆ ಡಬ್ಲ್ಯು-8ಇಸಿಐ ನಮೂನೆ ಕೊಡಬೇಕು. ಆಗ ಲೆಕ್ಕ ಹೀಗೆ ತಿರುಗುತ್ತದೆ: ಬಾಡಿಗೆ 34,800. ಕಂದಾಯ 9,800, ವಿಮೆ 3,200 ಎಂದುಕೊಳ್ಳೋಣ, ಏಜೆಂಟರ ಶೇ 8 ಎಂದರೆ 2,784, ರಿಪೇರಿ 1,500. ಇವುಗಳ ಮೇಲೆ ಸವಕಳಿ, ಅಂದರೆ ಕಟ್ಟಡ ವರ್ಷವರ್ಷ ಸವೆಯುವುದಕ್ಕೆಂದು ಕಳೆಯುವ ಮೊತ್ತ: ನೆಲದ ಬೆಲೆ ಬಿಟ್ಟು ಕಟ್ಟಡಕ್ಕೆ 3.5 ಲಕ್ಷ ಡಾಲರ್ ಬಿದ್ದಿದ್ದರೆ, ಅದನ್ನು ಇಪ್ಪತ್ತೇಳೂವರೆ ವರ್ಷಕ್ಕೆ ಹಂಚಿ ವರ್ಷಕ್ಕೆ 12,727. ಎಲ್ಲ ಕಳೆದು ಉಳಿಯುವುದು 4,789 ಡಾಲರ್. ಮೊದಲ ಹಂತದ ಶೇ 10ರ ದರದಲ್ಲಿ ತೆರಿಗೆ 479 ಡಾಲರ್. ಒಂದು ಹೇಳಿಕೆಯ ಕಾಗದ ಲಗತ್ತಿಸಿದ್ದಕ್ಕೆ 10,440 ಹೋಗಿ 479.

ಈ ಸೌಲಭ್ಯಕ್ಕೆ ಒಂದು ಕತ್ತರಿ ಇದೆ. ರಿಟರ್ನಿನ ಗಡುವು ಮುಗಿದು 16 ತಿಂಗಳಾದ ಮೇಲೆ ಸಲ್ಲಿಸಿದರೆ ಖರ್ಚು ಕಳೆಯುವ ಹಕ್ಕೇ ಹೋಗುತ್ತದೆ. ಅದಕ್ಕೂ ಮೊದಲೇ ಇಲಾಖೆಯ ನೋಟಿಸು ಬಂದರೆ ಆಗಲೂ ಹೋಗಬಹುದು. ಅಲ್ಲಿ ಸಂಬಳವಿಲ್ಲದ ನಿಮ್ಮಂಥವರಿಗೆ ಗಡುವು ಜೂನ್ 15. 2024ರ ರಿಟರ್ನ್ 2025ರ ಜೂನ್ 15ಕ್ಕೆ ಸಲ್ಲಬೇಕಿತ್ತು. ಹದಿನಾರು ತಿಂಗಳು ಕೂಡಿಸಿದರೆ 2026ರ ಅಕ್ಟೋಬರ್ 15. ಬಾಗಿಲು ಇನ್ನೂ ತೆರೆದಿದೆ. ಅಲ್ಲಿನ ತೆರಿಗೆ ಬಲ್ಲವರೊಬ್ಬರನ್ನು ಈ ವಾರವೇ ಹಿಡಿದು 2024 ಮತ್ತು 2025, ಎರಡೂ ವರ್ಷದ ರಿಟರ್ನುಗಳನ್ನು ಒಟ್ಟಿಗೆ ಸಲ್ಲಿಸಿ.

ಈಗ ಮೈಸೂರಿಗೆ ಬರೋಣ. ವಾಪಸಾದವರಿಗೆ ನಮ್ಮ ಕಾನೂನು ಕೊಡುವ ಒಂದು ಉಸಿರಾಟದ ಅವಧಿಯಿದೆ: ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವರ್ಗ. ಈ ವರ್ಗದಲ್ಲಿ ಇರುವಷ್ಟು ಕಾಲ ಫ್ರಿಸ್ಕೊದ ಬಾಡಿಗೆಗೆ ಭಾರತದಲ್ಲಿ ತೆರಿಗೆ ಇಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ ಸಾಕು. 2023–24 ಮತ್ತು 2024–25ರಲ್ಲಿ ನೀವು ಇದರ ಒಳಗೆ ಆರಾಮವಾಗಿ ಕೂರುತ್ತೀರಿ. 2025–26ಕ್ಕೆ ಆ ಮೊದಲ ಅಳತೆ ತಪ್ಪಿಹೋಗುತ್ತದೆ. ಎರಡನೆಯದು ಉಳಿಯುತ್ತದೆ: ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಅಥವಾ ಕಡಿಮೆ ಇರಬೇಕು. ಲೆಕ್ಕ ಹಾಕಿದೆ. 2023ರ ಜುಲೈ 10ರಿಂದ 2024ರ ಮಾರ್ಚ್ 31ರವರೆಗೆ 266 ದಿನ. ಮರುವರ್ಷ 365. ಒಟ್ಟು 631. ರಜೆಗೆ ಉಳಿಯುವುದು 98 ದಿನ. ನೀವು ಮೂರು ಸಲ ತಲಾ ಐದು ವಾರ ಬಂದಿದ್ದೀರಿ: 105.

ಏಳು ದಿನ ಹೆಚ್ಚು!

ಆದ್ದರಿಂದ ನನ್ನ ಮೊದಲ ಪ್ರಶ್ನೆ: ಆ ‘ಐದು ವಾರ’ ಬಾಯಿಲೆಕ್ಕವೋ ಪಾಸ್‌ಪೋರ್ಟಿನ ಮುದ್ರೆಯೋ? ಒಂದು ಸಲ ನಾಲ್ಕು ವಾರಕ್ಕೇ ಹೊರಟಿದ್ದರೂ 2025–26ರ ಇಡೀ ಬಾಡಿಗೆ ಭಾರತದ ತೆರಿಗೆಯಿಂದ ಹೊರಗೆ. ಮುದ್ರೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಎಣಿಸಿ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿಕೊಂಡೇ ಎಣಿಸಿ. ಅಂಚಿನಲ್ಲಿ ನಿಂತವರು ತಮಗೆ ಬೇಕಾದಂತೆ ಎಣಿಸಬಾರದು.

105 ದಿನವೇ ಖಚಿತವಾದರೆ 2025–26ರಿಂದ ನೀವು ಸಾಮಾನ್ಯ ನಿವಾಸಿ. ಜಗತ್ತಿನ ಯಾವ ಮೂಲೆಯ ಆದಾಯವಾದರೂ ಇಲ್ಲಿನ ರಿಟರ್ನಿಗೆ ಬರಬೇಕು. ಭಾರತ–ಅಮೆರಿಕ ಒಪ್ಪಂದದ 6ನೇ ವಿಧಿ ಸ್ಥಿರಾಸ್ತಿಯ ಆದಾಯಕ್ಕೆ ಆಸ್ತಿ ಇರುವ ದೇಶ ತೆರಿಗೆ ಹಾಕಬಹುದು ಎನ್ನುತ್ತದೆ. ಆ ‘ಬಹುದು’ ಎಂಬ ಮೂರಕ್ಷರದ ಬಾಲವನ್ನು ‘ಅಲ್ಲಿ ಮಾತ್ರ’ ಎಂದು ಓದುವವರೇ ಹೆಚ್ಚು. ಒಪ್ಪಂದ ಇಲ್ಲಿನ ತೆರಿಗೆಯನ್ನು ತಡೆಯುವುದಿಲ್ಲ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಕೊಡುತ್ತದೆ. ವಜಾ ಸಿಗುವುದಾದರೂ ಅಮೆರಿಕದ ಕೇಂದ್ರ ಸರ್ಕಾರದ ಆದಾಯ ತೆರಿಗೆಗೆ. ಕಂದಾಯ ಆ ಒಪ್ಪಂದದ ವ್ಯಾಪ್ತಿಗೇ ಬರುವುದಿಲ್ಲ. (ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಆದಾಯ ತೆರಿಗೆಯೂ ಒಪ್ಪಂದದಲ್ಲಿಲ್ಲ. ಆದರೆ ದೇಶೀಯ ಕಾನೂನಿನ ಅಡಿ ಅದಕ್ಕೆ ವಜಾ ಸಿಗಬೇಕೆಂದು ವಿಪ್ರೊ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ 2015ರಲ್ಲಿ ಹೇಳಿತು. ಟೆಕ್ಸಸ್‌ನವರಾದ ನಿಮಗೆ ಅದು ಬೇಕಿಲ್ಲ.)

ಹಾಗೆಂದು ಕಂದಾಯ ಪೂರ್ತಿ ನಷ್ಟವಲ್ಲ. ಸ್ಥಳೀಯ ಸಂಸ್ಥೆಗೆ ಮಾಲೀಕ ಆ ವರ್ಷ ನಿಜವಾಗಿ ಕಟ್ಟಿದ ಕಂದಾಯವನ್ನು ಬಾಡಿಗೆಯಿಂದ ಕಳೆಯಬಹುದು. ಆಸ್ತಿ ವಿದೇಶದಲ್ಲಿದ್ದರೂ ಸರಿ. 34,800ರಲ್ಲಿ 9,800 ಹೋಗಿ 25,000. ಅದರಲ್ಲಿ ರಿಪೇರಿಗೆಂದು ಕಣ್ಣುಮುಚ್ಚಿ ಶೇ 30, ಅಂದರೆ 7,500 ಕಳೆದರೆ 17,500 ಡಾಲರ್. ಇಲ್ಲಿಗೆ ನಿಂತಿತು. ವಿಮೆ, ಏಜೆಂಟರ ಶುಲ್ಕ, ಸವಕಳಿ ಯಾವುದಕ್ಕೂ ನಮ್ಮ ಕಾನೂನಿನಲ್ಲಿ ಪ್ರತ್ಯೇಕ ಜಾಗವಿಲ್ಲ. ಎಲ್ಲ ಆ ಶೇ 30ರೊಳಗೇ ಅಡಗಬೇಕು. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 15.75 ಲಕ್ಷ. ನಿಮ್ಮ ಸಂಬಳ ಈಗಾಗಲೇ 24 ಲಕ್ಷದ ಗೆರೆ ದಾಟಿರುವುದರಿಂದ ಇದೆಲ್ಲ ಶೇ 30ರ ದರಕ್ಕೆ ಬೀಳುತ್ತದೆ. ಸೆಸ್ ಸೇರಿ 4,91,400 ರೂಪಾಯಿ. ಅಮೆರಿಕದಲ್ಲಿ ಕಟ್ಟಿದ 479 ಡಾಲರ್, ಅಂದರೆ 43,110 ರೂಪಾಯಿ, ವಜಾ. ಇಲ್ಲಿ ಕಟ್ಟಬೇಕಾದದ್ದು 4,48,290.

ಒಂದೇ ಮನೆಯ ಒಂದೇ ಬಾಡಿಗೆ ಅಮೆರಿಕದ ಕಣ್ಣಿಗೆ 4,789 ಡಾಲರ್ ಆದಾಯ, ಭಾರತದ ಕಣ್ಣಿಗೆ 17,500. ಅಲ್ಲಿ ಸವಕಳಿಯಿಂದ ಉಳಿಸಿದ ತೆರಿಗೆ ಇಲ್ಲಿ ನಿಮ್ಮ ಕೈತಪ್ಪುತ್ತದೆ. ಎರಡು ಬಾರಿ ತೆರಿಗೆ ಬೀಳದಂತೆ ಒಪ್ಪಂದ ನೋಡಿಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಎರಡರಲ್ಲಿ ಯಾವುದು ದೊಡ್ಡದೋ ಅದು ಬಿದ್ದೇ ಬೀಳುತ್ತದೆ.

ವಜಾ ಕೇಳಲು ಫಾರ್ಮ್ 67 ಸಲ್ಲಿಸಬೇಕು. ರೂಪಾಯಿಗೆ ಬದಲಾಯಿಸುವಾಗ ಬಾಡಿಗೆ ಆದಾಯಕ್ಕೆ ಮಾರ್ಚ್ 31ರ ಸ್ಟೇಟ್ ಬ್ಯಾಂಕ್ ಕೊಳ್ಳುವ ದರ, ಕಟ್ಟಿದ ತೆರಿಗೆಗೆ ಕಟ್ಟಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ನಾನು ಮೇಲೆ ಎರಡಕ್ಕೂ 90 ಹಾಕಿದ್ದು ಓದುವ ಸುಖಕ್ಕೆ. ಅಲ್ಲಿನ ವರ್ಷ ಜನವರಿಯಿಂದ, ಇಲ್ಲಿನದು ಏಪ್ರಿಲ್‌ನಿಂದ ಎಂಬುದೂ ಲೆಕ್ಕದಲ್ಲಿರಲಿ. ಕಂದಾಯವನ್ನು ಡಿಸೆಂಬರ್‌ನಲ್ಲಿ ಕಟ್ಟಿದರೂ ಜನವರಿಯಲ್ಲಿ ಕಟ್ಟಿದರೂ ನಮ್ಮ ಲೆಕ್ಕಕ್ಕೆ ಒಂದೇ ವರ್ಷ; ಅಮೆರಿಕದ ಲೆಕ್ಕಕ್ಕೆ ವರ್ಷವೇ ಬದಲಾಗುತ್ತದೆ. 2025–26ರ ಆದಾಯಕ್ಕೆ ಹಳೆಯ 1961ರ ಕಾಯ್ದೆಯೇ ಅನ್ವಯ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿರುವುದರಿಂದ ಮುಂದಿನ ಸಲ ಸೆಕ್ಷನ್ನುಗಳ ಸಂಖ್ಯೆಗಳನ್ನು ನಾವೆಲ್ಲ ಹೊಸದಾಗಿ ಬಾಯಿಪಾಠ ಮಾಡಬೇಕು.

ನಿಮ್ಮ ಗೆಳೆಯರ ಸಲಹೆಗೆ ಬರುತ್ತೇನೆ. ಅದು ಅಪಾಯದ್ದು. ಸಾಮಾನ್ಯ ನಿವಾಸಿಯಾದ ವರ್ಷದಿಂದ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಆ ಮನೆಯನ್ನೂ, ಬಾಡಿಗೆ ಜಮೆಯಾಗುವ ಅಲ್ಲಿನ ಬ್ಯಾಂಕ್ ಖಾತೆಯನ್ನೂ ತೋರಿಸಲೇಬೇಕು. ಆದಾಯವಿಲ್ಲದೆ ಬೀಗ ಹಾಕಿದ ಮನೆಯಾದರೂ ತೋರಿಸಬೇಕು. ಈ ಪಟ್ಟಿಯೊಂದು ಮಾತ್ರ ಡಿಸೆಂಬರ್ 31ಕ್ಕೆ ಮುಗಿದ ಕ್ಯಾಲೆಂಡರ್ ವರ್ಷದ್ದು. ಸಂಬಳದಾರರು ರೂಢಿಯಿಂದ ಒತ್ತುವ ಐಟಿಆರ್-1ರಲ್ಲಿ ಇದಕ್ಕೆ ಜಾಗವೇ ಇಲ್ಲ, ಐಟಿಆರ್-2 ಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದೊಳಗಿನ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಆ ದಂಡದಲ್ಲಿ ಸಡಿಲಿಕೆ ಇದೆ, ಸ್ಥಿರಾಸ್ತಿಗೆ ಮಾತ್ರ ಇಲ್ಲ. ಇಲ್ಲಿಯವರೆಗಿನ ಎರಡು ವರ್ಷ ನೀವು ತೋರಿಸದೇ ಇದ್ದುದು ತಪ್ಪಲ್ಲ. ಹಾಗೆಯೇ ಆ ಮನೆಯನ್ನು ಇಟ್ಟುಕೊಳ್ಳುವುದೂ ತಪ್ಪಲ್ಲ: ವಿದೇಶದಲ್ಲಿ ನೆಲೆಸಿದ್ದಾಗ ಗಳಿಸಿದ ಆಸ್ತಿಯನ್ನು ವಾಪಸಾದ ಮೇಲೂ ಹೊಂದಿರಬಹುದು ಎಂದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4)ನೇ ಸೆಕ್ಷನ್ ಹೇಳುತ್ತದೆ. ಅದರ ಬಾಡಿಗೆಯನ್ನು ಅಲ್ಲೇ ಇಟ್ಟು ಅದರಿಂದಲೇ ಕಂದಾಯ ಕಟ್ಟಬಹುದು.

ದುಬೈ, ಲಂಡನ್, ಸಿಂಗಪುರಗಳಲ್ಲಿ ಮನೆ ಇರುವವರೂ ಇದನ್ನು ಓದಬಹುದು. ಅವರಿಗೆ ನಾಲ್ಕು ಮಾತು. ಭಾರತದ ಕಡೆಯ ನಿಯಮ ಎಲ್ಲರಿಗೂ ಇದೇ. ಕಂದಾಯದ ಸ್ವರೂಪ ಮಾತ್ರ ಊರೂರಿಗೆ ಬೇರೆ. ದುಬೈನಲ್ಲಿ ವಾರ್ಷಿಕ ಆಸ್ತಿ ತೆರಿಗೆ ಇಲ್ಲ. ಕೊಳ್ಳುವಾಗ ನೋಂದಣಿ ಇಲಾಖೆಗೆ ಶೇ 4, ಆಮೇಲೆ ಬಾಡಿಗೆದಾರನ ನೀರು–ವಿದ್ಯುತ್ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ. ಅಲ್ಲಿ ಆದಾಯ ತೆರಿಗೆಯೂ ಇಲ್ಲದ್ದರಿಂದ ಇಲ್ಲಿ ವಜಾ ಮಾಡಲು ಏನೂ ಉಳಿಯುವುದಿಲ್ಲ. ಇಂಗ್ಲೆಂಡಿನ ಕೌನ್ಸಿಲ್ ಟ್ಯಾಕ್ಸ್ ಅನ್ನು ಸಾಮಾನ್ಯವಾಗಿ ವಾಸವಿರುವ ಬಾಡಿಗೆದಾರನೇ ಕಟ್ಟುತ್ತಾನೆ, ಅದೂ 1991ರ ಮೌಲ್ಯದ ಮೇಲೆ. ಬಾಡಿಗೆದಾರ ಕಟ್ಟಿದ್ದನ್ನು ಮಾಲೀಕ ಇಲ್ಲಿ ಕಳೆಯುವಂತಿಲ್ಲ. ಸಿಂಗಪುರದಲ್ಲಿ ಟೆಕ್ಸಸ್‌ನ ಹಾಗೆಯೇ ಯಜಮಾನ ವಾಸವಿಲ್ಲದ ಮನೆಗೆ ದರ ಹೆಚ್ಚು, ವಾರ್ಷಿಕ ಬಾಡಿಗೆ ಮೌಲ್ಯದ ಶೇ 12ರಿಂದ 36.

ಈಗ ನಿಮ್ಮ ಮನೆಯಿಂದ ನಿಮಗೆ ಉಳಿಯುವುದೆಷ್ಟು ನೋಡಿ. ಕಂದಾಯ 9,800, ಅಮೆರಿಕದ ತೆರಿಗೆ 479, ಭಾರತದ್ದು ಹತ್ತಿರಹತ್ತಿರ 4,981, ಇತರ ಖರ್ಚು 7,484. 34,800ರಲ್ಲಿ ಕೈಗೆ ಬರುವುದು 12,056 ಡಾಲರ್. 5.6 ಲಕ್ಷ ಡಾಲರ್ ಬೆಲೆಯ ಮನೆಗೆ ಇದು ಶೇ 2.2ಕ್ಕೂ ಕಡಿಮೆ. ಬೆಲೆ ಏರುತ್ತದೆಂಬ ನಂಬಿಕೆ ಇಲ್ಲದಿದ್ದರೆ ಈ ಮನೆಯನ್ನು ಇಟ್ಟುಕೊಳ್ಳಲು ನೆನಪುಗಳ ಹೊರತು ಕಾರಣ ನನಗೆ ಕಾಣುವುದಿಲ್ಲ.

ಮಾರುವುದಾದರೆ ಒಂದು ತಾರೀಖು ಗಮನದಲ್ಲಿರಲಿ. ಮಾರುವ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ಆ ಮನೆಯಲ್ಲಿ ವಾಸವಿದ್ದರೆ 2.5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆ ಇಲ್ಲ (ಪಡೆದ ಸವಕಳಿಯ ಭಾಗಕ್ಕೆ ಮಾತ್ರ ಇದೆ). ನೀವು ಬಿಟ್ಟ ದಿನದಿಂದ ಎಣಿಸಿದರೆ ಆ ಅವಕಾಶ 2026ರ ಜುಲೈ 10ಕ್ಕೂ ಮೊದಲೇ ಮುಗಿಯುತ್ತದೆ. ಮಾರುವವನು ಅನಿವಾಸಿಯಾದರೆ ಕೊಳ್ಳುವವನು ಬೆಲೆಯ ಶೇ 15 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ತಾನೇ ವಾಸಕ್ಕೆ ಕೊಳ್ಳುತ್ತಿದ್ದು ಬೆಲೆ 3 ಲಕ್ಷದಿಂದ 10 ಲಕ್ಷ ಡಾಲರ್ ನಡುವೆ ಇದ್ದರೆ ಶೇ 10. ಅದು ಮುಂಗಡ ಮಾತ್ರ, ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಭಾರತದಲ್ಲಿ ದೀರ್ಘಾವಧಿ ಲಾಭಕ್ಕೆ ಶೇ 12.5, ಆ ಲಾಭವನ್ನು ನಿಗದಿತ ಅವಧಿಯಲ್ಲಿ ಇಲ್ಲೊಂದು ವಾಸದ ಮನೆಗೆ ಹಾಕಿದರೆ ಅದಕ್ಕೂ ವಿನಾಯಿತಿ ಇದೆ. 2025ರ ಮಾರ್ಚ್ ಮುಗಿಯುವ ಮೊದಲೇ ಮಾರಿದ್ದರೆ ಭಾರತದ ಈ ತೆರಿಗೆಯ ತಲೆನೋವು ಇರುತ್ತಿರಲಿಲ್ಲ. ವಾಪಸಾಗುವವರು ಆಡಿಟರನ್ನು ವಿಮಾನ ಹತ್ತುವ ಮೊದಲು ಕಾಣುವುದಿಲ್ಲ, ನೋಟಿಸು ಬಂದ ಮೇಲೆ ಕಾಣುತ್ತಾರೆ.

ಕೊನೆಗೆ ಮಗಳ ವಿಚಾರ. ಇದನ್ನು ನೀವು ಪತ್ರದ ತುದಿಗೆ ಹಾಕಿದ್ದೀರಿ. ಮೊತ್ತದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಭಾರತದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ಹೋಯಿತು, ಆದ್ದರಿಂದ ನಮ್ಮ ತಲೆಗೆ ಅದು ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಎಸ್ಟೇಟ್ ತೆರಿಗೆ ಇದೆ. ಅಲ್ಲಿನ ನಾಗರಿಕರಿಗೆ 2026ರಲ್ಲಿ ಒಂದೂವರೆ ಕೋಟಿ ಡಾಲರ್‌ವರೆಗೆ ವಿನಾಯಿತಿ. ನಾಗರಿಕರೂ ಅಲ್ಲದ, ಅಲ್ಲಿ ನೆಲೆಸಿಯೂ ಇರದ ನಿಮಗೆ ಕೇವಲ 60 ಸಾವಿರ. ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವೂ ಇಲ್ಲ. ಅನಿಷ್ಟ ನುಡಿಯುತ್ತಿದ್ದೇನೆ, ಮನ್ನಿಸಿ: ಆ 5.6 ಲಕ್ಷ ಡಾಲರ್‌ನ ಮನೆ ನಿಮ್ಮ ಹೆಸರಿನಲ್ಲಿರುವಾಗಲೇ ನಿಮಗೇನಾದರೂ ಆದರೆ ಸುಮಾರು 1.65 ಲಕ್ಷ ಡಾಲರ್ ತೆರಿಗೆ ಕಟ್ಟಬೇಕಾಗುತ್ತದೆ. ಹೆಂಡತಿಗೆ ಹೋಗುವ ಆಸ್ತಿಗೆ ಅಲ್ಲಿರುವ ಪೂರ್ಣ ವಿನಾಯಿತಿ, ಆಕೆ ಅಮೆರಿಕದ ನಾಗರಿಕಳಲ್ಲದಿದ್ದರೆ ನೇರವಾಗಿ ಸಿಗುವುದಿಲ್ಲ.

ಹಾಗಾದರೆ ಈಗಲೇ ಮಗಳಿಗೆ ದಾನಪತ್ರ ಮಾಡಿಬಿಡೋಣ ಎಂದರೆ ಅಲ್ಲೂ ಬಾಗಿಲು ಮುಚ್ಚಿದೆ. ಅಮೆರಿಕದ ನೆಲದಲ್ಲಿರುವ ಮನೆಯನ್ನು ಅನಿವಾಸಿ ದಾನ ಕೊಟ್ಟರೆ ಕೊಟ್ಟವನ ಮೇಲೆ ದಾನ ತೆರಿಗೆ ಬೀಳುತ್ತದೆ. ವರ್ಷಕ್ಕೆ 19 ಸಾವಿರ ಡಾಲರ್ ಬಿಟ್ಟು ಉಳಿದದ್ದಕ್ಕೆಲ್ಲ, ಶೇ 40ರವರೆಗೆ. ಮಗಳು ಅಪ್ರಾಪ್ತೆಯಾದ್ದರಿಂದ ಬಾಡಿಗೆ ಆದಾಯ ಭಾರತದಲ್ಲಿ ಮತ್ತೆ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಮೊದಲು ಮಾರಿ, ತೆರಿಗೆ ತೀರಿಸಿ, ಹಣವನ್ನು ಮೈಸೂರಿನ ಬ್ಯಾಂಕಿಗೆ ತನ್ನಿ. ಇಲ್ಲಿನ ಖಾತೆಯಿಂದ ಮಗಳಿಗೆ ಎಷ್ಟು ಕೊಟ್ಟರೂ ಅಮೆರಿಕ ನಿಮ್ಮನ್ನು ದಾನ ತೆರಿಗೆ ಕೇಳುವುದಿಲ್ಲ.